ಪುರಾತತ್ವದವರಿಗೂ ಕಾಡಿನವರಿಗೂ ಒಂದೇ ತರಬೇತಿ: ಏನು ಕಲಿಸಬೇಕು?

ಮಣ್ಣಿನಪದರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಪುರಾತತ್ವದವನು. ಕಾಡು, ಜೌಗು, ಬೆಟ್ಟಗಳ ಒಳಗೇ ಹಳೆಯ ನೆಲೆಗಳಿರುವ ಜಾಗಗಳು ಎಲ್ಲ ದೇಶಗಳಲ್ಲೂ ಇವೆ. ಅಂಥ ಜಾಗಗಳನ್ನು ನೋಡಿಕೊಳ್ಳುವವರಿಗಾಗಿ ಆರು ವಾರದ ತರಬೇತಿಯೊಂದರ ಪಠ್ಯ ಬರೆಯುವ ಕೆಲಸ ನನಗೆ ಬಂದಿದೆ. ಕಲಿಯಲು ಬರುವವರಲ್ಲಿ ಅರ್ಧ ಜನ ಉತ್ಖನನ ಮತ್ತು ಸ್ಮಾರಕ ಸಂರಕ್ಷಣೆಯವರು. ಇನ್ನರ್ಧ ಜನ ಅರಣ್ಯ, ವನ್ಯಜೀವಿ ಕಡೆಯವರು.

ಸಮಿತಿ ಕೊಟ್ಟಿರುವ ಕರಡು ಹೀಗಿದೆ: ಮೂರು ವಾರ ಅವರಿಗೆ ನಮ್ಮ ಪಾಠ, ಮೂರು ವಾರ ನಮಗೆ ಅವರ ಪಾಠ. ಓದಿದರೆ ಸುಮ್ನೆ ಎರಡು ಕೋರ್ಸ್‌ಗಳನ್ನು ಒಂದೇ ರಟ್ಟಿನೊಳಗೆ ಹಾಕಿದ್ದಾರೆ ಅನಿಸುತ್ತದೆ. ಕೊನೆಗೆ ನಮ್ಮವರಿಗೆ ನಾಲ್ಕು ಹಕ್ಕಿಗಳ ಹೆಸರು ಬರುತ್ತದೆ, ಅವರಿಗೆ ಮೂರು ಕಾಲಘಟ್ಟಗಳ ಹೆಸರು ಬರುತ್ತದೆ. ಊರಿಗೆ ಹೋದ ಮೇಲೆ ಮತ್ತೆ ಅವರವರ ಫೈಲು ಅವರವರ ಮೇಜಿನ ಮೇಲೆ.

ನನ್ನ ಪ್ರಶ್ನೆ ಇಷ್ಟೇ. ಎರಡೂ ಬಲ್ಲ ಒಬ್ಬ ವ್ಯಕ್ತಿಯನ್ನು ತಯಾರು ಮಾಡಬೇಕಾ? ಅಥವಾ ಇಬ್ಬರು ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಸಬೇಕಾ? ನಿಜವಾದ ಜಾಗಗಳಲ್ಲಿ ಆದದ್ದೇನು ಅಂತ ಉದಾಹರಣೆ ಕೊಟ್ಟು ಹೇಳಿದರೆ ನನಗೆ ಹೆಚ್ಚು ಉಪಯೋಗ. "ಸಮಗ್ರ ದೃಷ್ಟಿ ಬೇಕು" ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಅದು ಕರಡಿನಲ್ಲಿ ಈಗಾಗಲೇ ಬೇಕಾದಷ್ಟು ಇದೆ.

---

ಬೇರುಬಿಳಲು

ಸರ್, ನಾನು ಸಸ್ಯಗಳ ಕಡೆಯವಳು. ಮೊದಲ ದಿನದ ಮೊದಲ ಪಾಠಕ್ಕೆ ನನ್ನ ಆಯ್ಕೆ ಲೇಟೋಲಿ.

ಟಾಂಜಾನಿಯಾದ ಲೇಟೋಲಿಯಲ್ಲಿ ಸುಮಾರು 36 ಲಕ್ಷ ವರ್ಷ ಹಿಂದಿನ ಹೆಜ್ಜೆಗುರುತುಗಳಿವೆ. ಜ್ವಾಲಾಮುಖಿಯ ಬೂದಿ ಇನ್ನೂ ಹಸಿಯಾಗಿದ್ದಾಗ ಎರಡು ಕಾಲಿನ ಮೇಲೆ ನಡೆದು ಹೋದವರ ಜಾಡು ಅದು. 1978ರಲ್ಲಿ ಪುರಾತತ್ವಜ್ಞೆ ಮೇರಿ ಲೀಕಿ ಅವರ ತಂಡಕ್ಕೆ ಸಿಕ್ಕಿತು. ಅಳತೆ, ಅಚ್ಚು, ಫೋಟೋ ಎಲ್ಲ ಮುಗಿದ ಮೇಲೆ ಜಾಡಿಗೆ ಮತ್ತೆ ಮಣ್ಣು ಮುಚ್ಚಿದರು. ಮೇಲೆ ಕಲ್ಲುಗುಂಡು ಹೇರಿದರು. ಪುರಾತತ್ವದ ಪ್ರಕಾರ ಇದು ಸರಿಯಾದ ಕ್ರಮವೇ. ತೆರೆದು ಬಿಡುವುದಕ್ಕಿಂತ ಮುಚ್ಚುವುದು ಎಷ್ಟೋ ವಾಸಿ.

ಆದರೆ ಮುಚ್ಚಲು ತಂದ ಮಣ್ಣಿನಲ್ಲಿ ಅಕೇಶಿಯ (ಜಾಲಿ ಜಾತಿಯ ಮರ) ಬೀಜಗಳಿದ್ದವು. ಸಡಿಲವಾದ ಮಣ್ಣು, ಕಲ್ಲಿನ ಅಡಿಯಲ್ಲಿ ನಿಲ್ಲುವ ತೇವ. ಸಸಿಗೆ ಇನ್ನೇನು ಬೇಕು? ಕೆಲವೇ ವರ್ಷಗಳಲ್ಲಿ ಜಾಡಿನ ಮೇಲೆ ಮರಗಳೆದ್ದು, ಬೇರು ಕೆಳಗಿಳಿಯಲು ಶುರುವಾಯಿತು. 1990ರ ದಶಕದಲ್ಲಿ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ಟಾಂಜಾನಿಯಾ ಸರ್ಕಾರ ಸೇರಿ ಮರಗಳನ್ನು ಕೊಂದು, ಜಾಡನ್ನು ಮತ್ತೆ ತೆರೆದು, ಬೇರುಗಳನ್ನು ಬಿಡಿಸಬೇಕಾಯಿತು. ಎರಡನೇ ಸಲ ಮುಚ್ಚುವಾಗ ಜರಡಿ ಹಿಡಿದ ಮಣ್ಣು ಹಾಕಿದರು. ಬೇರು ಕೆಳಗೆ ಬರದಂತೆ ತಡೆಯುವ ಬಟ್ಟೆಯನ್ನು ಪದರಗಳ ನಡುವೆ ಹಾಸಿದರು. ಸ್ಥಳೀಯ ಮಸಾಯಿ ಹಿರಿಯರನ್ನೂ ಕರೆದು ಕೂರಿಸಿ ಮಾತಾಡಿದರು.

ಈಗ ಯೋಚಿಸಿ. ಮೊದಲ ಸಲ ಮಣ್ಣು ಹಾಕುವ ದಿನ ಪಕ್ಕದಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞ ಇದ್ದಿದ್ದರೆ ಏನು ಕೇಳುತ್ತಿದ್ದ? "ಈ ಮಣ್ಣು ಎಲ್ಲಿಂದ ತಂದಿರಿ?" ಅಷ್ಟೇ. ಆ ಒಂದು ಪ್ರಶ್ನೆಗೆ ಯಾರೂ ಎರಡು ಡಿಗ್ರಿ ಮಾಡಬೇಕಿಲ್ಲ. ಯಾವ ಘಳಿಗೆಯಲ್ಲಿ ಪಕ್ಕದ ಶಾಸ್ತ್ರದವರನ್ನು ಕರೆಯಬೇಕು ಅಂತ ಗೊತ್ತಿದ್ದರೆ ಸಾಕು. ನನ್ನ ಮಟ್ಟಿಗೆ ತರಬೇತಿಯ ತಿರುಳೇ ಇದು.

---

ತಕರಾರು

ಕಥೆ ಚೆನ್ನಾಗಿದೆ ಮೇಡಂ. ಆದರೆ ಆಗಿ ಹೋದ ಮೇಲೆ ಪ್ರಶ್ನೆ ಹೊಳೆಯುವುದು ಎಲ್ಲರಿಗೂ ಸುಲಭ. ಮಣ್ಣು ಮುಚ್ಚುವ ದಿನ ಸಸ್ಯದವರನ್ನು ಕರೆಯಬೇಕು, ನೀರಿನವರನ್ನು ಕರೆಯಬೇಕು, ಗೆದ್ದಲಿನವರನ್ನು ಕರೆಯಬೇಕು ಅಂತ ಹೊರಟರೆ ಮಣ್ಣು ಮುಚ್ಚುವವರು ಯಾರು?

ಇನ್ನೊಂದು ಮಾತು. ಎರಡೂ ಕಡೆ ಕಾಲಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಡಕೆ ಚೂರು ತೋರಿಸಿದರೆ ಕಾಲ ಹೇಳಲು ಬರುವುದಿಲ್ಲ, ಹುಲ್ಲು ತೋರಿಸಿದರೆ ಜಾತಿ ಹೇಳಲು ಬರುವುದಿಲ್ಲ. ಆದರೆ ಸಭೆಯಲ್ಲಿ ಮಾತ್ರ ಇವರದ್ದೇ ಜಾಸ್ತಿ ಮಾತು. ಆಳವಾಗಿ ಒಂದು ಕಲಿಯಲಿ, ಸಾಕು. ಉಳಿದದ್ದಕ್ಕೆ ಫೋನ್ ಇದೆ.

---

ಬೇರುಬಿಳಲು

@ತಕರಾರು ಆ ಫೋನ್ ಯಾವಾಗ ಮಾಡಬೇಕು ಅಂತಲೇ ಕಲಿಸಬೇಕು ಅಂದೆ ನಾನು. ನೀವು ಜಗಳ ಆಡುತ್ತಲೇ ಒಪ್ಪಿಕೊಂಡಿದ್ದೀರಿ 😊

---

ಹಳೇಗಾರೆ

ನಾನು ಹಳೆಯ ಕಟ್ಟಡಗಳ ದುರಸ್ತಿಯವನು. ಕಲ್ಲು, ಸುಣ್ಣ, ಗಾರೆ. ಈ ಚರ್ಚೆಗೆ ಒಂದು ಒಣ ವಿಷಯ ಸೇರಿಸುತ್ತೇನೆ: ಕ್ಯಾಲೆಂಡರ್.

ಐರ್ಲೆಂಡಿನ ಕರಾವಳಿಯಾಚೆ ಸ್ಕೆಲಿಗ್ ಮೈಕಲ್ ಅಂತ ಒಂದು ಬಂಡೆ ದ್ವೀಪ ಇದೆ. ಮೇಲೆ ಹಳೆಯ ಕ್ರೈಸ್ತ ಸನ್ಯಾಸಿಗಳ ಮಠ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಗುಮ್ಮಟದಂಥ ಗುಡಿಸಲುಗಳು. 1996ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಮಠದ ಕಾರಣಕ್ಕೆ, ಅಂದರೆ ಸಾಂಸ್ಕೃತಿಕ ತಾಣವಾಗಿ. ಆದರೆ ಅದೇ ದ್ವೀಪ ಕಡಲ ಹಕ್ಕಿಗಳ ದೊಡ್ಡ ನೆಲೆಯೂ ಹೌದು. ಪಫಿನ್‌ಗಳು ಬಿಲ ತೋಡುತ್ತವೆ. ಸ್ಟಾರ್ಮ್ ಪೆಟ್ರೆಲ್ ಅನ್ನುವ ಪುಟ್ಟ ಹಕ್ಕಿಗಳು ಮಠದ ಗೋಡೆಯ ಸಂದುಗಳಲ್ಲೇ ಗೂಡು ಮಾಡುತ್ತವೆ. ಗೋಡೆ ಸಡಿಲವಾಗಿದೆ ಅಂತ ಕಲ್ಲು ತೆಗೆದರೆ ಒಳಗೆ ಮೊಟ್ಟೆ ಇರುತ್ತದೆ!

ಕೆಲಸವನ್ನು ಬೇರೆ ಕಾಲಕ್ಕೆ ಇಟ್ಟುಕೊಳ್ಳೋಣ ಅಂದರೆ ಆಗುವುದಿಲ್ಲ. ಅಟ್ಲಾಂಟಿಕ್‌ನ ಅಲೆಗಳು ದೋಣಿ ನಿಲ್ಲಿಸಲು ಬಿಡುವುದು ಬೇಸಿಗೆಯಲ್ಲಿ ಮಾತ್ರ. ಹಕ್ಕಿ ಮರಿ ಮಾಡುವುದೂ ಬೇಸಿಗೆಯಲ್ಲೇ. ಪ್ರವಾಸಿಗಳು ಬರುವುದೂ ಆಗಲೇ.

ಇದು ಒಂದು ದ್ವೀಪದ ಕಥೆ ಮಾತ್ರ ಅಲ್ಲ. ಸುಣ್ಣದ ಗಾರೆಗೆ ಹಿಮ ಬೀಳಬಾರದು, ಜಡಿಮಳೆ ಬೀಳಬಾರದು, ಸುಡು ಬಿಸಿಲೂ ಆಗದು. ನಿಧಾನವಾಗಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಬಾವಲಿಗಳಿರುವ ಕಟ್ಟಡವಾದರೆ ಮರಿ ಹಾಕುವ ತಿಂಗಳು ಮುಟ್ಟುವ ಹಾಗಿಲ್ಲ. ಚಳಿ ದೇಶಗಳಲ್ಲಿ ಅವು ದೀರ್ಘ ನಿದ್ದೆ ಮಾಡುವ ತಿಂಗಳುಗಳನ್ನೂ ಮುಟ್ಟುವ ಹಾಗಿಲ್ಲ. ಇವೆಲ್ಲ ಕಳೆದರೆ ವರ್ಷದಲ್ಲಿ ಕೆಲವೇ ವಾರ ಉಳಿಯುತ್ತದೆ. ಅಷ್ಟು ಹೊತ್ತಿಗೆ ಆ ವರ್ಷದ ಹಣ ಬಂದಿರುವುದಿಲ್ಲ, ಅಥವಾ ವಾಪಸ್ ಹೋಗಿರುತ್ತದೆ.

ಹಳೆಯ ಗೋಡೆಗಳಲ್ಲಿ ಅಟ್ಟಣೆಯ ಮರದ ತುದಿ ತೂರಿಸಲು ಬಿಟ್ಟ ತೂತುಗಳಿರುತ್ತವಲ್ಲ, ಅವನ್ನು "ಅಚ್ಚುಕಟ್ಟು" ಮಾಡಿ ಮುಚ್ಚಿಬಿಟ್ಟು ಸ್ವಿಫ್ಟ್ ಹಕ್ಕಿಗಳ ಗೂಡಿನ ಜಾಗವೇ ಹೋಗಿರುವುದು ಯುರೋಪಿನಲ್ಲಿ ಎಷ್ಟೋ ಕಡೆ ನಡೆದಿದೆ. ಮುಚ್ಚಿದ ಮೇಸ್ತ್ರಿಯದು ತಪ್ಪಲ್ಲ. ಅವನ ಕೈಗೆ ಕೊಟ್ಟ ನಕ್ಷೆಯಲ್ಲಿ ಹಕ್ಕಿ ಇರಲಿಲ್ಲ.

ನನ್ನ ಸಲಹೆ: ಎರಡನೇ ದಿನ ಪಾಠ ಬೇಡ. ಒಂದು ನಿಜವಾದ ತಾಣ ಕೊಡಿ, ಹನ್ನೆರಡು ತಿಂಗಳ ಖಾಲಿ ಹಾಳೆ ಕೊಡಿ. ಇಬ್ಬರೂ ತಮ್ಮ ತಮ್ಮ ನಿಷೇಧದ ವಾರಗಳನ್ನು ಗುರುತು ಹಾಕಲಿ. ಸಂಜೆಯೊಳಗೆ ಅರ್ಧ ಕೋರ್ಸ್ ಅರ್ಥವಾಗಿರುತ್ತದೆ.

---

ಓದುಮಗಳು

ನಾನಿನ್ನೂ ಎಂ.ಎ. ವಿದ್ಯಾರ್ಥಿನಿ. ಒಂದು ಸಣ್ಣ ಪ್ರಶ್ನೆ ಕೇಳಬಹುದಾ? ಯುನೆಸ್ಕೋದ 1972ರ ವಿಶ್ವ ಪರಂಪರೆ ಒಪ್ಪಂದದ ಹೆಸರಲ್ಲೇ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆ ಎರಡೂ ಇವೆ. ಐವತ್ತು ವರ್ಷದಿಂದ ಒಂದೇ ಕಾಗದದಲ್ಲಿ ಇದ್ದರೂ ಕೆಲಸ ಯಾಕೆ ಬೇರೆ ಬೇರೆ ನಡೆಯುತ್ತಿದೆ?

---

ಮಣ್ಣಿನಪದರ

ಒಳ್ಳೆಯ ಪ್ರಶ್ನೆ ಅಮ್ಮಾ. ಕಾಗದ ಒಂದೇ, ಮೇಜು ಎರಡು. ಸಾಂಸ್ಕೃತಿಕ ತಾಣಗಳ ಪರಿಶೀಲನೆ ಸ್ಮಾರಕ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಇಕೊಮೋಸ್‌ದು. ನೈಸರ್ಗಿಕ ತಾಣಗಳದ್ದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನದು. ರೋಮ್‌ನಲ್ಲಿರುವ ಇಕ್ರಾಮ್ ಅನ್ನುವ ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆ ತರಬೇತಿಯ ಕಡೆ ನೋಡಿಕೊಳ್ಳುತ್ತದೆ. ಒಂದು ತಾಣ ಯಾಕೆ ಮುಖ್ಯ ಅಂತ ಅಳೆಯುವ ಮಾನದಂಡಗಳೂ ಮೊದಲು ಎರಡು ಪಟ್ಟಿಗಳಲ್ಲಿದ್ದವು, ಸಂಸ್ಕೃತಿಗೆ ಆರು, ಪ್ರಕೃತಿಗೆ ನಾಲ್ಕು. ಅವೆರಡೂ ಸೇರಿ ಹತ್ತರ ಒಂದೇ ಪಟ್ಟಿ ಆದದ್ದು 2005ರಲ್ಲಿ. ಈಗಲೂ ವಿಶ್ವ ಪರಂಪರೆ ಪಟ್ಟಿಯ 1,200ಕ್ಕೂ ಹೆಚ್ಚು ತಾಣಗಳಲ್ಲಿ ಎರಡೂ ಕಾರಣಕ್ಕೆ ಸೇರಿದ ಮಿಶ್ರ ತಾಣಗಳು 40ರ ಆಸುಪಾಸು.

ಇದರಿಂದ ಆಗುವ ತಮಾಷೆ ನೋಡು. ನ್ಯೂಜಿಲೆಂಡಿನ ಟೊಂಗರಿರೋ 1990ರಲ್ಲಿ ಬರೀ ನೈಸರ್ಗಿಕ ತಾಣವಾಗಿ ಪಟ್ಟಿಗೆ ಸೇರಿತು. ಆ ಬೆಟ್ಟಗಳು ಅಲ್ಲಿನ ಮೂಲನಿವಾಸಿ ಮಾವೋರಿ ಜನಕ್ಕೆ ಪೂರ್ವಜರು. 1887ರಲ್ಲಿ ಅವರ ಮುಖಂಡ ತೆ ಹೆಉಹೆಉ ಅವುಗಳ ಶಿಖರಗಳನ್ನು ಸರ್ಕಾರಕ್ಕೆ ವಹಿಸಿಕೊಟ್ಟಿದ್ದರಿಂದಲೇ ಅಲ್ಲಿನ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು. ಆದರೂ ಅದಕ್ಕೆ ಸಾಂಸ್ಕೃತಿಕ ಮನ್ನಣೆ ಸಿಕ್ಕಿದ್ದು 1993ರಲ್ಲಿ, "ಸಾಂಸ್ಕೃತಿಕ ಭೂದೃಶ್ಯ" ಅನ್ನುವ ಹೊಸ ವರ್ಗ ಬಂದ ಮೇಲೆ. ಆಸ್ಟ್ರೇಲಿಯಾದ ಉಲುರು ಬಂಡೆಯದೂ ಅದೇ ಕಥೆ: 1987ರಲ್ಲಿ ಪ್ರಕೃತಿ, 1994ರಲ್ಲಿ ಸಂಸ್ಕೃತಿ. ಬೇರುಬಿಳಲು ಮೇಡಂ ಹೇಳಿದ ಲೇಟೋಲಿ ಇರುವ ಗೊರೊಂಗೊರೊ ಪ್ರದೇಶ 1979ರಲ್ಲಿ ನೈಸರ್ಗಿಕ ತಾಣವಾಗಿ ಸೇರಿ 2010ರಲ್ಲಿ ಮಿಶ್ರ ತಾಣ ಆಯಿತು. ಆ ಹೆಜ್ಜೆಗಳು ಅಲ್ಲೇ ಇದ್ದವು ಅಲ್ವಾ, ಅಷ್ಟೂ ವರ್ಷ!

ಕೆನಡಾದ ಪಿಮಾಚಿಯೊವಿನ್ ಆಕಿ ಇನ್ನೂ ಗಟ್ಟಿ ಉದಾಹರಣೆ. 29,000 ಚದರ ಕಿಲೋಮೀಟರಿನಷ್ಟು ಕಾಡು, ಕೆರೆ. ಅನಿಷಿನಾಬೆ ಅನ್ನುವ ಮೂಲನಿವಾಸಿ ಜನರ ನೆಲ. ಅವರ ಪಾಲಿಗೆ ಕಾಡನ್ನೂ ಬದುಕನ್ನೂ ಬಿಡಿಸುವ ಗೆರೆಯೇ ಇಲ್ಲ. ಆದರೆ ಪರಿಶೀಲನೆ ಮಾತ್ರ ಎರಡು ತುಂಡಾಗಿ ನಡೆಯಿತು. 2013ರಲ್ಲಿ ತೀರ್ಮಾನ ಮುಂದಕ್ಕೆ ಹೋಯಿತು. ಪರಿಶೀಲನೆಯ ವಿಧಾನದಲ್ಲೇ ತೊಡಕಿದೆ ಅಂತ ವಿಶ್ವ ಪರಂಪರೆ ಸಮಿತಿಯೂ ಗಮನಿಸಿತು. ಕೊನೆಗೆ 2018ರಲ್ಲಿ ಮಿಶ್ರ ತಾಣವಾಗಿ ಸೇರಿತು.

ಕೈಪಿಡಿಗಳ ಕಥೆಯೂ ಹಾಗೇ. ನೈಸರ್ಗಿಕ ತಾಣಗಳ ನಿರ್ವಹಣೆಗೆ 2012ರಲ್ಲಿ ಒಂದು ಕೈಪಿಡಿ ಬಂತು, ಸಾಂಸ್ಕೃತಿಕ ತಾಣಗಳಿಗೆ 2013ರಲ್ಲಿ ಇನ್ನೊಂದು. 2016ರಲ್ಲಿ ಇಕ್ರಾಮ್ ಮತ್ತು ಐಯುಸಿಎನ್, ನಾರ್ವೆಯ ನೆರವಿನಿಂದ, ಒಂದೇ ತರಬೇತಿ ಕಾರ್ಯಕ್ರಮ ಶುರು ಮಾಡಿದವು. ಜನ, ಪ್ರಕೃತಿ, ಸಂಸ್ಕೃತಿ ಮೂರನ್ನೂ ಸೇರಿಸಿ ಕೋರ್ಸ್ ನಡೆಸುತ್ತವೆ. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯ 2016ರಿಂದ 2019ರವರೆಗೆ ಏಷ್ಯಾ-ಪೆಸಿಫಿಕ್ ದೇಶಗಳವರಿಗೆ ಇದೇ ವಿಷಯದ ಕಾರ್ಯಾಗಾರ ನಡೆಸಿತು. ವರ್ಷಕ್ಕೊಂದು ವಸ್ತು: ಕೃಷಿ ಭೂದೃಶ್ಯ, ಪವಿತ್ರ ಭೂದೃಶ್ಯ, ವಿಪತ್ತು, ಮಿಶ್ರ ತಾಣ. ಅಂದರೆ ದಾರಿ ಶುರುವಾಗಿದೆ, ಆದರೆ ತೀರಾ ಈಚೆಗೆ.

---

ಗೂಡುಗುಹೆ

ಗುಹಾಚಿತ್ರಗಳ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು.

ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಸಾವಿರಾರು ಬಂಡೆಚಿತ್ರಗಳಿವೆ. ಕಾವಿಮಣ್ಣಿನ ಬಣ್ಣಕ್ಕೆ ನೇರವಾಗಿ ಕಾಲ ಕಟ್ಟುವುದು ಕಷ್ಟ, ಇಂಗಾಲ ಇರುವುದಿಲ್ಲ. ಆದರೆ ಆ ಬಂಡೆಗಳಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟುತ್ತವೆ. ಗೂಡಿನ ಮಣ್ಣಿನಲ್ಲಿ ಸಣ್ಣ ಇದ್ದಿಲ ಚೂರುಗಳು ಸಿಕ್ಕಿಕೊಂಡಿರುತ್ತವೆ, ಅವುಗಳ ಇಂಗಾಲದಿಂದ ಗೂಡಿನ ಕಾಲ ಲೆಕ್ಕ ಹಾಕಬಹುದು. ಚಿತ್ರದ ಅಡಿಯಲ್ಲಿ ಒಂದು ಹಳೆಯ ಗೂಡು, ಚಿತ್ರದ ಮೇಲೆ ಇನ್ನೊಂದು ಗೂಡು ಸಿಕ್ಕರೆ ಚಿತ್ರ ಅವೆರಡರ ನಡುವಿನ ಕಾಲದ್ದು ಅಂತ ಗೊತ್ತಾಗುತ್ತದೆ. ಹೀಗೇ ಅಲ್ಲಿನ ಒಂದು ಕಾಂಗರೂ ಚಿತ್ರಕ್ಕೆ ಸುಮಾರು 17,300 ವರ್ಷ ಅಂತ 2021ರಲ್ಲಿ ಪ್ರಕಟವಾಯಿತು. ಈಗ ಹೇಳಿ, ಚಿತ್ರದ ಮೇಲಿನ ಕಣಜದ ಗೂಡನ್ನು ಕಸ ಅಂತ ಕೆರೆದು ಹಾಕುವ "ಸ್ವಚ್ಛತಾ" ತಂಡಕ್ಕೆ ಏನನ್ನಬೇಕು?

ಇದರ ಉಲ್ಟಾ ಕಥೆ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಗಳಲ್ಲಿ ನಡೆಯಿತು. ಅಲ್ಲಿನ ಬಂಡೆಯ ಮೇಲೆ ಕಂಡ ಒಂದು ಗುರುತನ್ನು ಡಿಕಿನ್ಸೋನಿಯಾ ಅನ್ನುವ, 50 ಕೋಟಿ ವರ್ಷಕ್ಕೂ ಹಳೆಯ ಜೀವಿಯ ಪಳೆಯುಳಿಕೆ ಅಂತ ಭೂವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಪತ್ರಿಕೆಗಳಲ್ಲೆಲ್ಲ ಬಂತು. ಆಮೇಲೆ ಬೇರೆ ತಂಡವೊಂದು ಹೋಗಿ ನೋಡಿದರೆ ಆ "ಪಳೆಯುಳಿಕೆ" ಬಂಡೆಯಿಂದ ಉದುರಿ ಹೋಗುತ್ತಿದೆ! ಅದು ಹೆಜ್ಜೇನಿನ ಹಳೆಯ ಗೂಡು ಬಂಡೆಗೆ ಅಂಟಿಸಿದ್ದ ಗುರುತು. 2023ರಲ್ಲಿ ಅದೂ ಪ್ರಕಟವಾಯಿತು, ಮೊದಲು ಬರೆದ ವಿಜ್ಞಾನಿಯೂ ಒಪ್ಪಿಕೊಂಡರು. ದೊಡ್ಡತನ.

ಜೇನು ಕಂಡವರು ಒಬ್ಬರು ಆ ದಿನ ಜೊತೆಯಲ್ಲಿ ಇದ್ದಿದ್ದರೆ ಸಾಕಿತ್ತು. ಹಾಗಾಗಿ ಪಠ್ಯದಲ್ಲಿ ಒಂದು ಪೂರ್ತಿ ದಿನ "ಇದೇನು?" ಅನ್ನುವ ಆಟಕ್ಕೇ ಇಡಿ. ಇಪ್ಪತ್ತು ಫೋಟೋ. ಗೆದ್ದಲ ಹುತ್ತ, ಕಣಜದ ಗೂಡು, ಕಲ್ಲುಹೂವು, ಹಳೆಯ ಒಲೆ, ಬಿಲ, ಸಮಾಧಿ ಗುಂಡಿ. ಎರಡು ಕಡೆಯವರೂ ಉತ್ತರ ಬರೆಯಲಿ. ಎಲ್ಲಿ ಉತ್ತರ ಬೇರೆ ಬರುತ್ತದೋ ಅಲ್ಲಿ ಪಾಠ ಶುರು ಮಾಡಿ.

---

ಹಳೇಗಾರೆ

ಕಲ್ಲುಹೂವಿನ ಮಾತು ಬಂದದ್ದು ಒಳ್ಳೆಯದಾಯಿತು. ಕೆಲವು ಜಾತಿ ಕಲ್ಲನ್ನು ತಿನ್ನುತ್ತವೆ, ಕೆಲವು ಮಳೆಗಾಳಿಯಿಂದ ಕಾಪಾಡುತ್ತವೆ. ಹಳೆಯ ಕಲ್ಲನ್ನೇ ನಂಬಿ ಬದುಕುವ ಅಪರೂಪದ ಜಾತಿಗಳೂ ಇವೆ. ಬ್ರಷ್ ಹಿಡಿಯುವ ಮುಂಚೆ ಯಾವುದು ಅಂತ ಕೇಳಿ.

---

ನಕ್ಷೆಗಣ್ಣು

ನನ್ನದು ನಕ್ಷೆ ಮತ್ತು ಲೈಡಾರ್ ಕೆಲಸ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಆಕಾರ ಹಿಡಿಯುವುದು. ತಮಾಷೆ ಏನೆಂದರೆ ಡೇಟಾ ಒಂದೇ, ಗಿರಾಕಿಗಳು ಇಬ್ಬರು. ಕಾಡಿನವರಿಗೆ ಮರದ ಎತ್ತರ, ಎಲೆಯ ದಟ್ಟಣೆ ಬೇಕು. ಪುರಾತತ್ವದವರು ಮೊದಲು ಮಾಡುವ ಕೆಲಸವೇ ಮರಗಳನ್ನು ಅಳಿಸಿ ಬರೀ ನೆಲ ನೋಡುವುದು. ಇವರು ಎಸೆದದ್ದು ಅವರಿಗೆ ಬಂಗಾರ.

ಈಗ ಬಹಳ ಕಡೆ ಇಬ್ಬರೂ ಬೇರೆ ಬೇರೆ ಹಾರಾಟಕ್ಕೆ ಹಣ ಕೇಳುತ್ತಾರೆ. ಒಂದೇ ಹಾರಾಟ ಸಾಕು. ಆದರೆ ಎಷ್ಟು ಒತ್ತಾಗಿ ಲೇಸರ್ ಬಿಡಬೇಕು, ಎಲೆ ಉದುರಿದ ಕಾಲದಲ್ಲಾ ಚಿಗುರಿದ ಕಾಲದಲ್ಲಾ ಅಂತ ಮೊದಲೇ ಕೂತು ಮಾತಾಡಿರಬೇಕು. ಎಲೆ ಉದುರಿದಾಗ ಹಾರಿಸಿದರೆ ನೆಲ ಚೆನ್ನಾಗಿ ಕಾಣುತ್ತದೆ, ಎಲೆಯ ಲೆಕ್ಕ ಸಿಗುವುದಿಲ್ಲ. ರಾಜಿ ಮಾಡಿಕೊಳ್ಳಲೇಬೇಕು.

ಅಮೆಜಾನ್ ಇದಕ್ಕೆ ದೊಡ್ಡ ಪಾಠ. ಬ್ರೆಜಿಲ್‌ನ ಆಕ್ರೆ ರಾಜ್ಯದಲ್ಲಿ ನೆಲದ ಮೇಲೆ ತೋಡಿದ ದೊಡ್ಡ ದೊಡ್ಡ ಚೌಕ, ವೃತ್ತಗಳು ನೂರಾರು ಕಂಡವು. ಕಂಡದ್ದು ಹೇಗೆ? ದನ ಮೇಯಿಸಲು ಕಾಡು ಕಡಿದಿದ್ದರಿಂದ. ಪುರಾತತ್ವಕ್ಕೆ ಲಾಭ ಅಂತ ಖುಷಿಪಡುವುದೋ ಅಳುವುದೋ! ಈಗ ಲೈಡಾರ್ ಇರುವುದರಿಂದ ಒಂದು ಮರವನ್ನೂ ಕಡಿಯದೆ ನೋಡಬಹುದು. ಬೊಲಿವಿಯಾದ ಕಾಡಿನಡಿಯ ಹಳೆಯ ಊರುಗಳು, ಕಾಲುವೆಗಳು ಹಾಗೇ ಕಂಡು 2022ರಲ್ಲಿ ಪ್ರಕಟವಾದವು.

ಇಲ್ಲಿ ಪರಿಸರದವರೂ ಒಂದು ಮಾತು ನುಂಗಿಕೊಳ್ಳಬೇಕು. ಮನುಷ್ಯರ ಕೈ ತಾಕದ ಕಾಡು ಅಂತ ಅಂದುಕೊಂಡ ಜಾಗದಲ್ಲಿ ಕಪ್ಪು ಮಣ್ಣಿನ ಹಾಸು ಇದೆ. ಅದು ಜನ ಶತಮಾನಗಟ್ಟಲೆ ಇದ್ದಿಲು, ಮೂಳೆ, ಅಡುಗೆ ಕಸ ಸೇರಿಸಿ ಮಾಡಿದ ಫಲವತ್ತಾದ ಮಣ್ಣು. ಹಾಗಾದರೆ "ಮೂಲ ಸ್ಥಿತಿಗೆ ಮರಳಿಸುತ್ತೇವೆ" ಅನ್ನುವವರು ಯಾವ ಇಸವಿಗೆ ಮರಳಿಸುತ್ತಾರೆ?

---

ಬೇರುಬಿಳಲು

ನುಂಗಿಕೊಂಡೆ. ಆದರೆ ಅದೇ ಪ್ರಶ್ನೆ ನಿಮಗೂ ಇದೆ. ಹಾಳುಬಿದ್ದ ದೇಗುಲದ ಮೇಲೆ ಐದು ಪದರ ಇತಿಹಾಸ ಇದ್ದರೆ ಯಾವ ಪದರ ಉಳಿಸುತ್ತೀರಿ? ಮರವೂ ಒಂದು ಪದರವೇ ಅಲ್ವಾ?

ಕಾಂಬೋಡಿಯಾದ ತಾ ಪ್ರೋಮ್ ದೇಗುಲ ನೋಡಿ. ಆ ಮರಗಳು ಇಲ್ಲದಿದ್ದರೆ ಅದನ್ನು ಯಾರು ಗುರುತಿಸುತ್ತಾರೆ? ಮರಗಳು ಗೋಡೆಯನ್ನು ಒಡೆದೂ ಇವೆ, ಹಿಡಿದೂ ನಿಂತಿವೆ. ಕಡಿದರೆ ಬೇರು ಒಳಗೇ ಕೊಳೆತು ಪೊಳ್ಳಾಗಿ, ಕೆಲವು ವರ್ಷದ ಮೇಲೆ ಗೋಡೆ ಕೂರುತ್ತದೆ. ಬಿಟ್ಟರೆ ಮರಕ್ಕೆ ವಯಸ್ಸಾಗಿ, ಗಾಳಿಗೆ ಬಿದ್ದು ಗೋಡೆಯನ್ನೂ ಕೆಡವುತ್ತದೆ. ಅಲ್ಲಿನ ಸ್ಮಾರಕಗಳನ್ನು ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರದ ಜೊತೆ ಕೆಲಸ ಮಾಡಿದ ಭಾರತೀಯ ಪುರಾತತ್ವ ಸರ್ವೇಕ್ಷಣೆ ಮರಗಳ ಆರೋಗ್ಯ ನೋಡಲು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯನ್ನೂ ನೆಲದ ಬಲ ನೋಡಲು ಮದ್ರಾಸ್ ಐಐಟಿಯನ್ನೂ ಜೊತೆಗೆ ಕರೆದುಕೊಂಡಿತ್ತು. ಒಬ್ಬರೇ ಎಲ್ಲ ಬಲ್ಲವರು ಯಾರೂ ಇರಲಿಲ್ಲ.

---

ಕಾವಲುದಾರಿ

ನಾನು ಓದಿಕೊಂಡವನಲ್ಲ, ಕಾಡಿನಲ್ಲಿ ಗಸ್ತು ತಿರುಗುವವನು. ನಮ್ಮ ವ್ಯಾಪ್ತಿಯಲ್ಲಿ ಹಳೆಯ ಕಟ್ಟೆ, ಕಲ್ಲುಗಳು ಬೇಕಾದಷ್ಟಿವೆ. ಹೇಳಬೇಕೋ ಬೇಡವೋ ಅಂತ ಸುಮ್ಮನಿದ್ದೆ.

ನಿಮ್ಮ ತರಬೇತಿಗೆ ಯಾರು ಬರುತ್ತಾರೆ ಸರ್? ಅಧಿಕಾರಿಗಳು. ತರಬೇತಿ ಮುಗಿಸಿ ಎರಡು ವರ್ಷಕ್ಕೆ ಬೇರೆ ಕಡೆ ವರ್ಗ. ಅದೇ ಜಾಗದಲ್ಲಿ ಇಪ್ಪತ್ತು ವರ್ಷ ಇರುವವರು ನಾವು. ಕಳೆ ಕೀಳುವುದು ನಾವು, ದಾರಿ ಸವರುವುದು ನಾವು, ಕಾಡ್ಗಿಚ್ಚು ಹರಡದ ಹಾಗೆ ಬೆಂಕಿ ಗೆರೆ ಎಳೆಯುವುದು ನಾವು, ಮಳೆ ಮಾರನೇ ದಿನ ಮಣ್ಣು ಕೊಚ್ಚಿ ಹೋಗಿ ಏನಾದರೂ ಕಂಡರೆ ಮೊದಲು ನೋಡುವುದೂ ನಾವೇ.

ಒಂದು ಸಲ ಬೇರೆ ಕಡೆಯಿಂದ ಬಂದ ಗಿಡಗಳನ್ನು ಬುಡಸಮೇತ ಕಿತ್ತು ಹಾಕಿ ಅಂತ ಮೇಲಿನಿಂದ ಆದೇಶ ಬಂತು. ಕಿತ್ತೆವು. ಬೇರಿನ ಜೊತೆ ಮಡಕೆ, ಇದ್ದಿಲು, ಸುಟ್ಟ ಮಣ್ಣು ಎಲ್ಲ ಮೇಲೆ ಬಂತು. ಆಮೇಲೆ ಬಂದ ಪುರಾತತ್ವದ ಸಾಹೇಬರು ಇದನ್ನು ಬುಡದಲ್ಲಿ ಕಡಿದು, ಮತ್ತೆ ಚಿಗುರದ ಹಾಗೆ ಕೂಳೆಗೆ ಔಷಧಿ ಹಚ್ಚಿ, ಬೇರು ಅಲ್ಲೇ ಬಿಡಬೇಕಿತ್ತು ಅಂದರು. ಮೊದಲೇ ಹೇಳಿದ್ದರೆ ಹಾಗೇ ಮಾಡುತ್ತಿದ್ದೆವು. ನಮಗೆ ಅದರಲ್ಲಿ ಕೆಲಸವೂ ಕಡಿಮೆ ಇತ್ತು.

ನಮ್ಮಂಥವರಿಗೆ ಆರು ವಾರ ಬೇಡ. ಎರಡು ದಿನ ಸಾಕು, ನಮ್ಮ ಜಾಗದಲ್ಲೇ. ಏನು ಕಂಡರೆ ಮುಟ್ಟಬಾರದು, ಫೋಟೋ ಹೇಗೆ ತೆಗೆಯಬೇಕು, ಯಾರಿಗೆ ಹೇಳಬೇಕು. ಆಮೇಲೆ ಹೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಬೇಕು. ನಾನು ಕಳಿಸಿದ ಫೋಟೋಗಳಿಗೆ ಇವತ್ತಿನವರೆಗೆ ಒಂದು ಮರುಮಾತು ಬಂದಿಲ್ಲ.

---

ಮಣ್ಣಿನಪದರ

ಅಣ್ಣಾ, ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬಂದಿಲ್ಲ. ಆ ಎರಡು ದಿನದ ಪಾಠವನ್ನು ಕಲಿಯಲು ಬಂದವರ ಕೈಯಲ್ಲೇ ತಯಾರು ಮಾಡಿಸುತ್ತೇನೆ. ಐದನೇ ವಾರದ ಕೆಲಸವೇ ಅದು.

---

ಗೂಡುಗುಹೆ

ಬೆಂಕಿ ಗೆರೆ ಅಂದಿರಲ್ಲ, ಅದೂ ಬೇಕು. ಅಮೆರಿಕದ ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನದಲ್ಲಿ 1996ರಲ್ಲಿ ಕಾಡ್ಗಿಚ್ಚು ಬಂದಾಗ ಬಂಡೆಯ ಮೇಲೆ ಕೆತ್ತಿದ ಚಿತ್ರಗಳಿದ್ದ ಒಂದು ಫಲಕ ಬೆಂಕಿಯ ಬಿಸಿಗೆ ಪದರ ಪದರವಾಗಿ ಕಿತ್ತು ಬಂತು. ಅದೇ ಬೆಂಕಿ ಪೊದೆ ಸುಟ್ಟು, ಅದುವರೆಗೆ ಗೊತ್ತೇ ಇಲ್ಲದ ನೆಲೆಗಳನ್ನೂ ತೋರಿಸಿತು. ಆದರೆ ಬೆಂಕಿಗಿಂತ ಬೆಂಕಿ ಆರಿಸುವ ಬುಲ್‌ಡೋಜರ್ ಜಾಸ್ತಿ ಹಾನಿ ಮಾಡಬಲ್ಲದು. ಆಳಕ್ಕೆ ಕಾವು ಇಳಿಯುವುದಿಲ್ಲ, ಬ್ಲೇಡ್ ಇಳಿಯುತ್ತದೆ. ಅದಕ್ಕೇ ಅಲ್ಲಿ ಬೆಂಕಿ ಆರಿಸುವ ತಂಡದ ಜೊತೆ ಪುರಾತತ್ವದವರನ್ನೂ ಕಳಿಸುತ್ತಾರೆ. ಅವರು ಬೆಂಕಿ ಜಾಗದಲ್ಲಿ ಓಡಾಡುವ ಸುರಕ್ಷತಾ ತರಬೇತಿಯನ್ನೂ ಪಡೆದಿರುತ್ತಾರೆ. ಹೊಗೆಯ ಮಧ್ಯೆ ಹೋಗಿ "ಇಲ್ಲಿ ಅಗೆಯಬೇಡಿ" ಅನ್ನಬೇಕಾದರೆ ಆ ಭಾಷೆ, ಆ ಶಿಸ್ತು ಗೊತ್ತಿರಬೇಕು.

ಆಸ್ಟ್ರೇಲಿಯಾದ ಬುಜ್ ಬಿಮ್ ಕೂಡ ಹೀಗೇ. ಗುಂಡಿಟ್ಜ್‌ಮಾರಾ ಅನ್ನುವ ಮೂಲನಿವಾಸಿ ಜನ ಲಾವಾ ಕಲ್ಲಿನಲ್ಲಿ ಕಾಲುವೆ ಮಾಡಿ ಹಾವುಮೀನು ಸಾಕುತ್ತಿದ್ದ ಜಾಗ. 6,600 ವರ್ಷದಷ್ಟು ಹಳೆಯ ಕಾಲುವೆಗಳಿವೆ. 2019ರಲ್ಲಿ ವಿಶ್ವ ಪರಂಪರೆ ಆಯಿತು. 2019-20ರ ಬೇಸಿಗೆಯ ಕಾಡ್ಗಿಚ್ಚಿನ ನಂತರ ಹುಲ್ಲಿನಡಿ ಅಡಗಿದ್ದ ಇನ್ನಷ್ಟು ಕಾಲುವೆ ಕಂಡಿತು. ಅಲ್ಲಿ ನೀರು ನಿಂತರೆ ಮಾತ್ರ ಮೀನು, ಮೀನಿದ್ದರೆ ಮಾತ್ರ ಕಾಲುವೆಗೆ ಅರ್ಥ. ಯಾವುದನ್ನು ಪರಿಸರ ಅನ್ನುತ್ತೀರಿ, ಯಾವುದನ್ನು ಪುರಾತತ್ವ ಅನ್ನುತ್ತೀರಿ?

---

ತಕರಾರು

ಸರಿ, ನಾನೂ ಒಂದು ಉದಾಹರಣೆ ಕೊಡುತ್ತೇನೆ, ನನ್ನ ವಾದಕ್ಕೆ ವಿರುದ್ಧವಾಗಿಯೇ. ಇಂಗ್ಲೆಂಡಿನ ಸೋಮರ್‌ಸೆಟ್ ಜೌಗಿನಲ್ಲಿ ಸ್ವೀಟ್ ಟ್ರ್ಯಾಕ್ ಅಂತ ಮರದ ಹಲಗೆಯ ಕಾಲುದಾರಿ ಇದೆ. ಮರದ ಬೆಳವಣಿಗೆಯ ಉಂಗುರ ಎಣಿಸಿ ಕ್ರಿ.ಪೂ. 3807-3806ರದ್ದು ಅಂತ ಹೇಳಿದ್ದಾರೆ. ಉಳಿದದ್ದು ಯಾಕೆ? ನೀರಿನಡಿ ಗಾಳಿ ತಾಕಲಿಲ್ಲ. ಒಂದು ಭಾಗ ಈಗ ನಿಸರ್ಗ ರಕ್ಷಿತ ಪ್ರದೇಶದೊಳಗೆ ಇದೆ. ಜೌಗು ಒಣಗದಂತೆ 1980ರ ದಶಕದಲ್ಲಿ ಪಂಪಿಟ್ಟು ನೀರು ಹಾಯಿಸಲು ಶುರು ಮಾಡಿದರು. ದಾರಿಗೂ ಲಾಭ, ಜೌಗಿನ ಜೀವಿಗಳಿಗೂ ಲಾಭ.

ಆದರೆ ಇದನ್ನು ನೋಡಿ "ಜೌಗು ಉಳಿಸಿದರೆ ಎಲ್ಲ ಉಳಿಯಿತು" ಅಂತ ಕಲಿಸಬೇಡಿ. ಹಕ್ಕಿಗಾಗಿ ಹೊಂಡ ತೋಡಿದರೆ ಅದೇ ಪದರ ಹೋಯಿತು. ಜೊಂಡು ನೆಟ್ಟರೆ ಅದರ ಬೇರು ಹಲಗೆಯೊಳಗೇ ತೂರುತ್ತದೆ. ನೀರು ಎಷ್ಟು ಅಡಿ ಕೆಳಗಿದೆ, ಹುಳಿ ಎಷ್ಟಿದೆ, ಆಮ್ಲಜನಕ ಒಳಗೆ ಹೋಗುತ್ತಿದೆಯಾ ಅಂತ ವರ್ಷಗಟ್ಟಲೆ ಅಳೆಯಬೇಕು. ಅಳೆಯಲು ಬರುವವರು ಬೇಕು. ಅದು ಆಳವಾದ ಓದು. ನನ್ನ ಹಟ ಅಲ್ಲೇ ಇದೆ: ಪಕ್ಕದವರ ಜೊತೆ ಮಾತಾಡಲು ಬರಬೇಕು, ಹೌದು. ಆದರೆ ಮಾತಾಡಲು ನಿಮ್ಮ ಹತ್ತಿರ ಸರಕು ಇರಬೇಕಲ್ಲ!

---

ಓದುಮಗಳು

ಎಲ್ಲ ಓದಿದೆ, ತುಂಬ ಥ್ಯಾಂಕ್ಸ್. ಆದರೆ ಕೆಲಸದ ಜಾಹೀರಾತಿನಲ್ಲಿ ಒಂದೇ ವಿಷಯದ ಡಿಗ್ರಿ ಕೇಳುತ್ತಾರೆ. ಎರಡರ ಮಧ್ಯೆ ಓದಿದರೆ ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಆಗುವುದಿಲ್ವಾ?

---

ನಕ್ಷೆಗಣ್ಣು

ನಿನ್ನ ಭಯ ನಿಜ ತಂಗೀ. ಹುದ್ದೆಗಳು ಇಲಾಖೆ ಪ್ರಕಾರ ಹುಟ್ಟುತ್ತವೆ, ತಾಣದ ಪ್ರಕಾರ ಅಲ್ಲ. ತಕರಾರು ಸರ್ ಹೇಳಿದ್ದನ್ನು ಅರ್ಧ ಕೇಳು: ಒಂದು ವಿಷಯದಲ್ಲಿ ಕೈ ಗಟ್ಟಿ ಮಾಡಿಕೋ. ಅದರ ಪಕ್ಕದಲ್ಲಿ ಎರಡೂ ಕಡೆ ಬೇಕಾಗುವ ಒಂದು ವಿದ್ಯೆ ಇಟ್ಟುಕೋ. ನಕ್ಷೆ, ಪರಾಗ ಕಣಗಳ ಅಧ್ಯಯನ, ಮಣ್ಣಿನ ವಿಜ್ಞಾನ, ಇಂಥದ್ದು. ಹಳೆಯ ಪರಾಗ ನೋಡಬಲ್ಲವರನ್ನು ಪುರಾತತ್ವದವರೂ ಕರೆಯುತ್ತಾರೆ, ಕಾಡಿನ ಚರಿತ್ರೆ ಬರೆಯುವವರೂ ಕರೆಯುತ್ತಾರೆ. ಪರಿಸರ ಪರಿಣಾಮದ ವರದಿ ಬರೆಯುವ ಕಡೆಯೂ ಇಂಥವರಿಗೆ ಕೆಲಸ ಇರುತ್ತದೆ.

---

ಮಣ್ಣಿನಪದರ

ಸಮಿತಿಗೆ ಕೊಡಲು ಹೊಸ ಕರಡು ಬರೆದೆ. ಮೊದಲ ವಾರ ತರಗತಿ ಇಲ್ಲ. ತಾಣದಲ್ಲೇ ಇರಬೇಕು, "ಇದೇನು?" ಆಟ ಮತ್ತು ಕ್ಯಾಲೆಂಡರ್ ಹಾಳೆ. ಎರಡು, ಮೂರನೇ ವಾರ ನೀರು, ಬೇರು, ಬೆಂಕಿ. ಪ್ರತಿಯೊಂದಕ್ಕೂ ಇಬ್ಬರು ಮೇಷ್ಟ್ರು ಒಂದೇ ಸಲ ಕೋಣೆಯಲ್ಲಿ ಇರಬೇಕು. ನಾಲ್ಕನೇ ವಾರ ಕಾನೂನು ಮತ್ತು ಹಣ, ಬೇಗ ಮುಗಿಸುತ್ತೇನೆ. ಐದನೇ ವಾರ ಕಾವಲಿನವರ ಜೊತೆ. ಕೊನೆಯ ವಾರ ಪರೀಕ್ಷೆ: ಒಂದು ನಿಜವಾದ ತೀರ್ಮಾನ, ಇಬ್ಬರ ಸಹಿ. ಎಲ್ಲಿ ಒಪ್ಪಿಗೆ ಆಗಲಿಲ್ಲವೋ ಅದನ್ನೂ ಬರೆಯಬೇಕು. ಒಪ್ಪಿಗೆ ಆಯಿತು ಅಂತ ಸುಳ್ಳು ಬರೆದರೆ ಅಂಕ ಕಡಿತ.

ಇನ್ನೊಂದು ಷರತ್ತು ಸೇರಿಸಿದ್ದೇನೆ. ಒಬ್ಬೊಬ್ಬರೇ ಅರ್ಜಿ ಹಾಕುವಂತಿಲ್ಲ. ಒಂದೇ ತಾಣದಿಂದ ಇಬ್ಬರು ಜೋಡಿಯಾಗಿ ಬರಬೇಕು, ಎರಡು ಕಡೆಯಿಂದ ಒಬ್ಬೊಬ್ಬರು.

---

ತಕರಾರು

ಜೋಡಿ ಷರತ್ತು ನನಗೆ ಹಿಡಿಸಿತು. ಆದರೆ ಒಬ್ಬರು ವರ್ಗವಾಗಿ ಹೋದರೆ?

---

ಮಣ್ಣಿನಪದರ

ಹೋಗುತ್ತಾರೆ, ತಡೆಯಲು ಆಗುವುದಿಲ್ಲ. ಅದಕ್ಕೇ ಇಬ್ಬರ ಸಹಿಯ ಆ ಕಾಗದ ತಾಣದ ಕಡತದಲ್ಲೇ ಇರಬೇಕು, ವ್ಯಕ್ತಿಯ ಕಡತದಲ್ಲಿ ಅಲ್ಲ ಅಂತ ಬರೆದಿದ್ದೇನೆ. ಒಂದು ಪ್ರತಿ ಗಸ್ತಿನವರ ಕೈಯಲ್ಲಿ.

---

ಕಾವಲುದಾರಿ

ಪ್ರತಿ ಕೊಡುವಾಗ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಸರ್. ಹೋದ ಸಲ ಕೊಟ್ಟದ್ದರಲ್ಲಿ ಅಕ್ಷರ ಕಾಣುತ್ತಿರಲಿಲ್ಲ.